ಕೆಳಮುಖದ ಬಾಣ

ಮರಿಯಮಳ ಫೋನು ಮೊದಲ ಸಲ ಕೂಗಿದ್ದು ಮಧ್ಯಾಹ್ನ ಮೂರು ಐವತ್ತಕ್ಕೆ. ಟಿಳಕವಾಡಿಯ ಡಾಕ್ಟರ್ ಸುಹಾಸಿನಿಯವರ ದವಾಖಾನೆಯ ಲ್ಯಾಬಿನಲ್ಲಿ ಅವಳು ರಕ್ತದ ನಳಿಕೆಗಳಿಗೆ ಹೆಸರಿನ ಚೀಟಿ ಅಂಟಿಸುತ್ತ ನಿಂತಿದ್ದಳು. ಕೈಗವಸು ತೆಗೆದು ನೋಡಿದಳು. ಎಪ್ಪತ್ತೆಂಟು. ಪಕ್ಕದಲ್ಲಿ ಕೆಳಗೆ ಮುಖ ಮಾಡಿದ ಬಾಣ.

ಅದು ಅವಳ ತಂದೆ ಸಮದನ ರಕ್ತದ ಸಕ್ಕರೆ. ಅವನು ಆ ಹೊತ್ತಿಗೆ ನಲವತ್ತು ಕಿಲೋಮೀಟರ್ ಆಚೆ, ಖಾನಾಪುರದ ಸಾಲೆಯಿಂದ ಹದಿನಾಲ್ಕು ಮಕ್ಕಳನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಪಾರಿಶ್ವಾಡದ ದಾರಿ ಹಿಡಿದಿರಬೇಕು. ಹತ್ತೊಂಬತ್ತು ವರ್ಷದಿಂದ ಅದೇ ದಾರಿ, ಅದೇ ಹೊತ್ತು. ಮೊದಲು ಕೂರಿಸಿಕೊಂಡು ಹೋದ ಮಕ್ಕಳ ಮಕ್ಕಳು ಈಗ ಅವನ ಗಾಡಿ ಹತ್ತುತ್ತಿದ್ದರು. ಒಂದು ದಿನವೂ ಒಂದು ಮಗುವಿನ ಮೊಣಕಾಲು ತರಚಿರಲಿಲ್ಲ ಎಂಬುದು ಅವನ ಹೆಮ್ಮೆ.

ಸಮದನಿಗೆ ಸಕ್ಕರೆ ಕಾಯಿಲೆ ಬಂದು ಹನ್ನೊಂದು ವರ್ಷವಾಗಿತ್ತು. ಗುಳಿಗೆಯಲ್ಲೇ ನಡೆದಿತ್ತು. ಈ ಸಲ ರಂಜಾನ್ ಹತ್ತಿರ ಬಂದಾಗ ಮರಿಯಮ ಹಠ ಹಿಡಿದು ಅವನನ್ನು ಡಾಕ್ಟರ ಮುಂದೆ ಕೂರಿಸಿದ್ದಳು. ರೋಜಾ ಬಿಡು ಎಂದರೆ ಅವನು ಬಿಡುವವನಲ್ಲ. ಒಂಬತ್ತನೆಯ ವಯಸ್ಸಿನಿಂದ ಒಂದೂ ತಪ್ಪಿಸಿರಲಿಲ್ಲ. ಸುಹಾಸಿನಿಯವರು ಜೈನರು, ಉಪವಾಸ ಅಂದರೇನು ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವರು ಬೇಡ ಎನ್ನಲಿಲ್ಲ. ಬೆಳಗಿನ ಗುಳಿಗೆ ಪೂರ್ತಿ ನಿಲ್ಲಿಸಿ, ಸಂಜೆ ರೋಜಾ ಬಿಟ್ಟ ಮೇಲೆ ಒಂದೇ ಗುಳಿಗೆ ಎಂದು ಬರೆದುಕೊಟ್ಟರು. ಆಮೇಲೆ ಅವನ ಎಡ ರಟ್ಟೆಯ ಹಿಂಭಾಗಕ್ಕೆ ರೂಪಾಯಿ ಅಗಲದ ಬಿಳಿ ಬಿಲ್ಲೆಯೊಂದನ್ನು ಒತ್ತಿ ಕೂರಿಸಿದರು. ಅದರೊಳಗಿನ ಕೂದಲೆಳೆಯಷ್ಟು ತೆಳು ತಂತು ಚರ್ಮದ ಕೆಳಗೆ ಕೂತು ಐದು ನಿಮಿಷಕ್ಕೊಮ್ಮೆ ಸಕ್ಕರೆ ಎಷ್ಟಿದೆ ಎಂದು ಅವನ ಫೋನಿಗೆ ಹೇಳುತ್ತಿತ್ತು. ಅವನ ಫೋನು ಮರಿಯಮಳ ಫೋನಿಗೆ ಹೇಳುತ್ತಿತ್ತು. ಹದಿನಾಲ್ಕು ದಿನ ಇರಲಿ, ನೋಡೋಣ ಎಂದಿದ್ದರು ಡಾಕ್ಟರು. ಎಪ್ಪತ್ತರ ಕೆಳಗೆ ಇಳಿದರೆ ಎಲ್ಲಿದ್ದರೂ ಗಾಡಿ ನಿಲ್ಲಿಸಿ ಏನಾದರೂ ಸಿಹಿ ತಿನ್ನಬೇಕು, ರೋಜಾ ಮುರಿಯಬೇಕು ಎಂಬ ಮಾತಿಗೆ ಸಮದ ಎದೆಯ ಮೇಲೆ ಕೈಯಿಟ್ಟು ಹೂಂಗುಟ್ಟಿದ್ದ.

ಇಂದು ಐದನೆಯ ದಿನ.

ಮರಿಯಮ ಫೋನು ಹಚ್ಚಿದಳು. ರಿಂಗಾಯಿತು, ಎತ್ತಲಿಲ್ಲ. ಗಾಡಿ ಓಡಿಸುವಾಗ ಅವನು ಫೋನು ಮುಟ್ಟುವುದಿಲ್ಲ, ಸ್ಟೇರಿಂಗ್ ಪಕ್ಕದ ಡಬ್ಬಿಯೊಳಗೆ ಹಾಕಿ ಮುಚ್ಚಿಬಿಡುತ್ತಾನೆ. ಅದು ಒಳ್ಳೆಯ ಚಾಳಿ ಎಂದು ಅವಳೇ ನಾಲ್ಕು ಜನರ ಮುಂದೆ ಹೊಗಳಿದ್ದಳು. ಆದರೆ ಬಿಲ್ಲೆಯ ಅಪಾಯದ ಕೂಗು ಡಬ್ಬಿಯೊಳಗಿದ್ದರೂ ಕೇಳುವಷ್ಟು ಜೋರು. ಅದು ಕೇಳಿಸಿರಬೇಕು. ನಿಲ್ಲಿಸಿರಬೇಕು.

ಮೂರು ಐವತ್ತೈದು. ಅರವತ್ತೇಳು. ಬಾಣ ಹಾಗೇ ಇತ್ತು.

ತಾಯಿ ಇಮಾಮಬೀಗೆ ಹಚ್ಚಿದಳು. ಏನೂ ತೋರಗೊಡದೆ, ಅಬ್ಬಾನ ಫೋನು ಕೂಗುವ ಹಾಗೆ ಸದ್ದು ಹಾಕಿಯೇ ಇದೆಯಲ್ಲ ಎಂದು ಕೇಳಿದಳು. ಕೂಗುವುದೆಲ್ಲಿಂದ ಎಂದಳು ಇಮಾಮಬೀ. ನಿನ್ನೆ ಸಂಜೆ ಮಸೀದಿಯಲ್ಲಿ ನಮಾಜಿಗೆ ನಿಂತಾಗ ಅದು ಒದರಿ, ಎಲ್ಲರೂ ತಿರುಗಿ ನೋಡಿ, ಅವರಿಗೆ ನಾಚಿಕೆಯಾಗಿ ಸದ್ದು ಪೂರ್ತಿ ಬಂದ್ ಮಾಡಿದ್ದಾರಂತೆ. ಮರಿಯಮ ಸರಿ ಎಂದು ಫೋನಿಟ್ಟಳು. 

ಕೂಗು ಅವಳ ಕೈಯಲ್ಲಿ ಮಾತ್ರ ಇತ್ತು. ಗಾಡಿಯಲ್ಲಿದ್ದವರಿಗೆ ಯಾರಿಗೂ ಗೊತ್ತಿರಲಿಲ್ಲ.

ಸಾಲೆಗೆ ಹಚ್ಚಿದಳು. ಮುಖ್ಯೋಪಾಧ್ಯಾಯಿನಿ ಗಂಗಾದೇವಿಯವರು ಎತ್ತಿ, ವ್ಯಾನು ಹೊರಟು ಇಪ್ಪತ್ತು ನಿಮಿಷವಾಯಿತಲ್ಲ ಎಂದರು. ಯಾಕೆ ಎಂದು ಅವರು ಕೇಳುವುದರೊಳಗೆ ಲೈನು ಕಟ್ಟಾಗಿತ್ತು, ಕಟ್ ಮಾಡಿದವಳು ಮರಿಯಮಳೇ. ನಾಲ್ಕಕ್ಕೆ ಪರದೆಯ ಮೇಲೆ ಐವತ್ತೆಂಟು ಮೂಡಿತು. ಅವಳು ನೋಡುತ್ತ ನಿಂತಂತೆಯೇ ಅಂಕಿ ಬೂದು ಬಣ್ಣಕ್ಕೆ ತಿರುಗಿ ಮಾಯವಾಗಿ, ಸಿಗ್ನಲ್ ಇಲ್ಲ ಎಂಬ ಸಾಲು ಬಂತು.

ಆ ಸಾಲು ಅಂಕಿಗಿಂತ ಭಯಂಕರವಾಗಿತ್ತು. ಖಾನಾಪುರ ದಾಟಿದ ಮೇಲೆ ಅಲ್ಲಲ್ಲಿ ನೆಟ್‌ವರ್ಕ್ ಹೋಗುವುದು ಅವಳಿಗೆ ಗೊತ್ತಿತ್ತು. ಆದರೂ ತಗ್ಗಿನಲ್ಲಿ ಮಗುಚಿಬಿದ್ದ ವ್ಯಾನು, ಒಡೆದುಬಿದ್ದ ಫೋನು ಅವಳ ಕಣ್ಣೆದುರು ಬಂದು ನಿಂತವು. ಮುಂದೆ ಇನ್ನೂ ಕೆರೆಯ ಏರಿ ಇತ್ತು. ಎರಡೂ ಬದಿಗೆ ಕಟ್ಟೆಯಿಲ್ಲದ, ಎದುರಿಗೆ ಟ್ರ್ಯಾಕ್ಟರ್ ಬಂದರೆ ಒಬ್ಬರು ಹಿಂದೆ ಸರಿಯಲೇಬೇಕಾದಷ್ಟು ಸಣ್ಣ ದಾರಿ. ಮಳೆಗಾಲದಲ್ಲಷ್ಟೇ ಅಲ್ಲ, ಮಾರ್ಚಿನಲ್ಲೂ ಆ ಕೆರೆಯಲ್ಲಿ ಎರಡಾಳು ನೀರು.

ಏರಿಗೆ ಹತ್ತುವ ತಿರುವಿನಲ್ಲಿ ಶಿವಲಿಂಗವ್ವನ ಕಬ್ಬಿನ ಹಾಲಿನ ಅಂಗಡಿ. ಅಂಗಡಿಯೆಂದರೆ ನಾಲ್ಕು ಗಳ, ಮೇಲೆ ತಗಡು, ಕೆಳಗೆ ಗಾಣ. ಕಾಲೇಜಿಗೆ ಹೋಗುವಾಗ ಮರಿಯಮ ಎಷ್ಟೋ ಸಲ ಅಲ್ಲೇ ಬಸ್ಸಿಗೆ ಕಾದಿದ್ದಳು. ಹೋದ ತಿಂಗಳು ಶಿವಲಿಂಗವ್ವ ಮೊಣಕಾಲು ನೋವಿಗೆ ರಕ್ತ ತಪಾಸಣೆ ಮಾಡಿಸಿಕೊಂಡಾಗ ರಿಪೋರ್ಟು ಕಳಿಸಲು ಮರಿಯಮ ಅವಳ ನಂಬರು ತೆಗೆದುಕೊಂಡಿದ್ದಳು. ಹೆಸರು ಹುಡುಕುವಾಗ ಎರಡು ಸಲ ತಪ್ಪಿತು. ಸಿಕ್ಕ ಮೇಲೂ ಮೊದಲ ಸಲ ರಿಂಗಾಗಿ ರಿಂಗಾಗಿ ನಿಂತಿತು. ಎರಡನೆಯ ಸಲ ಎತ್ತಿದಳು. ಹಿಂದೆ ಗಾಣದ ಗೆಜ್ಜೆಗಳು ಝಣ್ ಝಣ್ ಎನ್ನುತ್ತಿದ್ದವು.

"ಶಿವಲಿಂಗವ್ವ ಕಾಕೂ, ನಾ ಮರಿಯಮ. ಸಮದ ಡ್ರೈವರನ ಮಗಳು. ನಮ್ಮ ಅಬ್ಬಾನ ಗಾಡಿ ಆ ಕಡೆ ದಾಟಿ ಹೋತೇನ್ರಿ?"

"ಇಲ್ಲ ತಂಗಿ, ಇನ್ನ ಬಂದಿಲ್ಲ. ಬರೂ ಹೊತ್ತಾತು."

"ಅದನ್ನ ನಿಲ್ಲಸ್ರಿ. ಏನರ ಮಾಡಿ ಏರಿ ಹತ್ತೂದ್ರಾಗ ನಿಲ್ಲಸ್ರಿ. ಅವ್ರ ಸಕ್ಕರಿ ಇಳದೈತಿ, ಎಚ್ಚರ ಹೋಗತೈತಿ. ಗಾಡ್ಯಾಗ ಮಕ್ಕಳದಾವು."

ಶಿವಲಿಂಗವ್ವ ಫೋನನ್ನು ಎಲ್ಲೋ ತಗಡಿನ ಮೇಲೆ ಇಟ್ಟ ಸದ್ದಾಯಿತು. ಅಷ್ಟೇ. ಆಮೇಲೆ ಮರಿಯಮಳಿಗೆ ಕೇಳಿಸಿದ್ದು ಗೆಜ್ಜೆಯ ಸದ್ದು ಮಾತ್ರ. ಗಾಣ ಬಂದ್ ಮಾಡುವುದಕ್ಕೂ ನಿಲ್ಲದೆ ಅವಳು ಓಡಿದ್ದಳು. ಒಂದು ನಿಮಿಷ. ಎರಡು ನಿಮಿಷ. ದೂರದಲ್ಲಿ ಯಾರೋ ಕೂಗಿದಂತಾಯಿತು. ಸಮದ ಆ ತಿರುವಿನಲ್ಲಿ ಹಾರ್ನು ಹಾಕದೆ ಎಂದೂ ಹೊರಳುವವನಲ್ಲ. ಅವಳು ಹಾರ್ನಿಗೆ ಕಿವಿಗೊಟ್ಟು ಕಾದಳು. ಹಾರ್ನು ಬರಲಿಲ್ಲ. ಏನೋ ಮುರಿದಂಥ ಸದ್ದು ಬಂತು, ಅದರ ಬೆನ್ನಿಗೇ ಮಕ್ಕಳು ಚೀರಿದರು, ಒಂದಲ್ಲ, ಎಲ್ಲವೂ ಒಟ್ಟಿಗೆ. ಮರಿಯಮಳಿಗೆ ದಿನವೂ ಹೇಳುವ ಕಲ್ಮಾ ನೆನಪಿಗೆ ಬರಲಿಲ್ಲ. 

ಬಾಗಿಲಲ್ಲಿ ಸುಹಾಸಿನಿಯವರು ನಿಂತಿದ್ದರು. ಅವಳ ಮುಖ ನೋಡಿ, ಅವಳ ಕೈಯಿಂದ ಫೋನು ಇಸಿದುಕೊಂಡು, ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟರು.

"ನಿಂತೈತಿ ಯವ್ವಾ," ಎಂದಿತು ಶಿವಲಿಂಗವ್ವನ ದನಿ. ಏದುಸಿರು ಬಿಡುತ್ತಿದ್ದಳು. "ಕಬ್ಬಿನ ಸೂಡ ರಸ್ತೇಕ ಅಡ್ಡ ಒಗದೆ. ಅದರ ಮ್ಯಾಲ ಹತ್ತಿ ನಿಂತೈತಿ. ಮಕ್ಕಳಿಗೆ ಏನೂ ಆಗಿಲ್ಲ, ಹೆದರ್ಯಾವು. ಕೀಲಿ ನಾ ಕಸಗೊಂಡೇನಿ. ಆದ್ರ ನಿಮ್ಮಪ್ಪ ನನ್ನ ಗುರ್ತ ಹಿಡೀವಲ್ಲ. ಮೈಯೆಲ್ಲ ಬೆವರು. ಹಾಲು ಬಾಯಿಗೆ ಹಿಡದ್ರ ಗಿಲಾಸ ದೂಡತಾನ."

ಎಚ್ಚರವಿದ್ದರೆ ಗುಟುಕು ಗುಟುಕಾಗಿ ಕುಡಿಸಲಿ, ತಡ ಮಾಡಬಾರದು ಎಂದರು ಡಾಕ್ಟರು. ಮರಿಯಮ ಫೋನನ್ನು ತಂದೆಯ ಕಿವಿಗೆ ಹಿಡಿಯಲು ಹೇಳಿದಳು. ಆ ಕಡೆ ಅವನ ಉಸಿರು ಕೇಳಿಸಿತು. ಮನೆಯಲ್ಲಿ ಅವರ ಮಾತು ದಖನಿ ಉರ್ದುವಿನಲ್ಲಿ, ಆದರೆ ಈಗ ಅವಳು ಕರೆದದ್ದಕ್ಕೆ ಅವನು ಸಾಲೆಯ ಮಕ್ಕಳೊಂದಿಗೆ ಆಡುವ ಕನ್ನಡದಲ್ಲೇ, ನಾಲಗೆ ತೊದಲುತ್ತ ಉತ್ತರ ಕೊಟ್ಟ. ಯಾರು ಕರೆಯುತ್ತಿದ್ದಾರೆಂದು ಅವನಿಗೆ ತಿಳಿದಂತಿರಲಿಲ್ಲ.

"ಅಬ್ಬಾ, ಅದನ್ನ ಕುಡೀರಿ. ನಿಮ್ಮ ಹಿಂದ ಹದಿನಾಕ ಮಕ್ಕಳದಾವು."

"ರೋಜಾ ಐತಿ," ಎಂದ ಸಮದ. "ಇನ್ನ ಎರಡ ತಾಸ ಐತಿ."

ಆಗ ಮರಿಯಮ ಹುಟ್ಟಿದಾಗಿನಿಂದ ಆಡದ ಸುಳ್ಳೊಂದನ್ನು ಆಡಿದಳು. ಕಣ್ಣು ಮುಚ್ಚಿಕೊಂಡು, ದನಿ ಗಟ್ಟಿ ಮಾಡಿಕೊಂಡು ಆಡಿದಳು.

"ಮಗ್ರಿಬಿನ ಅಜಾನ್ ಆತು ಅಬ್ಬಾ. ಕೇಳಿಸಿಲ್ಲೇನು? ಎಲ್ಲಾರೂ ರೋಜಾ ಬಿಟ್ರು. ನೀವೊಬ್ರ ಉಳದೀರಿ. ಬಿಸ್ಮಿಲ್ಲಾ ಅನ್ರಿ, ಕುಡೀರಿ."

 ಆಮೇಲೆ ತುಟಿ ಅಲುಗಿದ ಸದ್ದು. ಆಮೇಲೆ ಗಂಟಲಲ್ಲಿ ಗುಟುಕು ಇಳಿದ ಸದ್ದು. ಇನ್ನೊಂದು ಗಿಲಾಸ ತರ್ತೀನಿ ಎಂದು ಶಿವಲಿಂಗವ್ವ ಹೇಳಿದ್ದು ಕೇಳಿಸಿತು.

ಸುಹಾಸಿನಿಯವರು ಆಗಲೇ ಕಾರಿನ ಕೀಲಿ ತೆಗೆದುಕೊಂಡಿದ್ದರು. ಐದು ಗಂಟೆಯ ಪೇಷಂಟುಗಳನ್ನು ನಾಳೆ ಬರಹೇಳಲು ಕಂಪೌಂಡರಿಗೆ ತಿಳಿಸಿ, ಬೆರಳು ಚುಚ್ಚಿ ನೋಡುವ ಮಶೀನು ಮತ್ತು ಒಂದು ಗ್ಲುಕೋಸ್ ಬಾಟಲಿ ಚೀಲದಲ್ಲಿ ಹಾಕಿಕೊಂಡು ಹೊರಟೇಬಿಟ್ಟರು. ದಾರಿಯಲ್ಲಿ ಮಚ್ಛೆ ಊರು ದಾಟುವ ಹೊತ್ತಿಗೆ ಮರಿಯಮಳ ತೊಡೆಯ ಮೇಲಿದ್ದ ಫೋನಿನಲ್ಲಿ ಅಂಕಿ ಮತ್ತೆ ಜೀವ ತಳೆಯಿತು. ನಲವತ್ತೊಂಬತ್ತು.

ಅವಳು ಅದನ್ನು ಡಾಕ್ಟರ ಮುಖಕ್ಕೇ ಹಿಡಿದಳು. ಕುಡಿದ ಮೇಲೂ ಇಳಿಯುತ್ತಿದೆ, ಕುಡಿದದ್ದು ಹೊಟ್ಟೆಗೆ ಹೋಗಿಲ್ಲವೇನೋ, ಶಿವಲಿಂಗವ್ವ ಸುಳ್ಳು ಸಮಾಧಾನ ಹೇಳಿದಳೇನೋ ಎಂದು ಒಂದೇ ಸಮನೆ ಒದರಿದಳು. ಲ್ಯಾಬಿನಲ್ಲಿ ದಿನಕ್ಕೆ ನಲವತ್ತು ಜನರ ಸಕ್ಕರೆ ಅಳೆಯುವವಳಿಗೆ ತನ್ನ ವಿದ್ಯೆಯೆಲ್ಲ ಮರೆತುಹೋಗಿತ್ತು. ಸುಹಾಸಿನಿಯವರು ರಸ್ತೆಯಿಂದ ಕಣ್ಣು ತೆಗೆಯದೆ ಸಣ್ಣ ಮಗುವಿಗೆ ಹೇಳುವಂತೆ ಹೇಳಿದರು. ಬಿಲ್ಲೆ ರಕ್ತವನ್ನು ನೋಡುವುದಿಲ್ಲ, ಚರ್ಮದ ಕೆಳಗಿನ ನೀರನ್ನು ನೋಡುತ್ತದೆ. ರಕ್ತದಲ್ಲಿ ಆದದ್ದು ಅಲ್ಲಿಗೆ ಬಂದು ಮುಟ್ಟಲು ಹತ್ತು ಹದಿನೈದು ನಿಮಿಷ ಬೇಕು. ಈಗ ನೀನು ನೋಡುತ್ತಿರುವುದು ಆಗಿಹೋದದ್ದು.

ಅಂದರೆ ಐವತ್ತೆಂಟು ಎಂದು ತೋರಿಸಿದಾಗ ಅವನು ಅದಕ್ಕಿಂತ ಕೆಳಗಿದ್ದ ಎಂದು ಮರಿಯಮಳಿಗೆ ಹೊಳೆಯಿತು.  ಐವತ್ತೇಳು ಬಂತು. ಎಪ್ಪತ್ತೊಂದು ಬಂತು. ಖಾನಾಪುರ ದಾಟಿದಾಗ ತೊಂಬತ್ತಾರು. 

ವ್ಯಾನು ತಿರುವಿನಲ್ಲೇ ನಿಂತಿತ್ತು. ಮುಂದಿನ ಗಾಲಿಗಳು ಕಬ್ಬಿನ ಕಟ್ಟುಗಳ ಮೇಲೆ ಹತ್ತಿ ಮೂತಿ ಓರೆಯಾಗಿತ್ತು. ಗಾಲಿಯಿಂದ ನೀರಿನ ಅಂಚಿಗೆ ಎಷ್ಟು ದೂರ ಎಂದು ಮರಿಯಮ ನೋಡಬಾರದೆಂದುಕೊಂಡೂ ನೋಡಿದಳು. ಹತ್ತು ಹೆಜ್ಜೆ ಇರಲಿಲ್ಲ. ಬೇವಿನ ಮರದಡಿ ಮಕ್ಕಳು ಕಬ್ಬಿನ ಹಾಲು ಕುಡಿಯುತ್ತ ಕುಳಿತಿದ್ದವು. ಊರಿನಿಂದ ಇಬ್ಬರು ಮೂವರು ತಂದೆತಾಯಿ ಬಂದು ತಮ್ಮ ಮಕ್ಕಳನ್ನು ಕರೆದುಕೊಳ್ಳುತ್ತಿದ್ದರು. ಸಮದ ಬೆಂಚಿನ ಮೇಲಿದ್ದ. ಯಾರೋ ತಲೆಗೆ ನೀರು ತಟ್ಟಿದ್ದರು, ಅಂಗಿ ಮೈಗೆ ಅಂಟಿತ್ತು. ಮಗಳನ್ನು ನೋಡಿ ಏಳಲು ಹೋದ, ಕಾಲು ಬರಲಿಲ್ಲ.

ಡಾಕ್ಟರು ಬೆರಳು ಚುಚ್ಚಿ ನೋಡಿದರು. ನೂರಾ ಹದಿನೆಂಟು. ಸಾಕು ಎಂದು ಅವನ ಬಾಜು ಕುಳಿತರು. ಗುಳಿಗೆ ಬೆಳಿಗ್ಗೆ ತೆಗೆದುಕೊಂಡಿರೇನು ಎಂದು ಮೆಲ್ಲಗೆ ಕೇಳಿದರು. ಸಮದ ಮಗಳ ಕಡೆ ನೋಡಿದ, ಆಮೇಲೆ ನೆಲ ನೋಡಿದ.

"ತಗೊಂಡೆನ್ರಿ ಬಾಯಾರ. ಸಹರಿ ಹೊತ್ತಿನ್ಯಾಗ ಎರಡ ತಗೊಂಡೆ. ನಿನ್ನಿ ಸಂಜಿಕ ಇನ್ನೂರಾ ಎಂಬತ್ತ ಆಗಿತ್ತು. ಇಕಿ ಫೋನ್ ಮಾಡಿ ಭಾಳ ಸಿಟ್ಟಾದ್ಲು. ಇವತ್ತ ಇಕಿ ನೋಡೂದ್ರಾಗ ಅಂಕಿ ಚಂದ ಕಾಣ್ಲಿ ಅಂತ ಮಾಡಿದೆ."

 ಹೌದು, ನಿನ್ನೆ ಅವನು ರೋಜಾ ಬಿಟ್ಟ ಅರ್ಧ ಗಂಟೆಗೇ ಮರಿಯಮ ಫೋನು ಮಾಡಿದ್ದಳು. ಎಷ್ಟು ಖರ್ಜೂರ ತಿಂದಿರಿ, ಶರಬತ್ತು ಎಷ್ಟು ಗಿಲಾಸ, ನನಗೆ ಇಲ್ಲಿ ಕೂತೇ ಎಲ್ಲ ಕಾಣುತ್ತದೆ ಎಂದಿದ್ದಳು. ಕಾಣುತ್ತದೆ ಎಂಬ ಮಾತನ್ನು ಎರಡು ಸಲ ಹೇಳಿದ್ದಳು. ಅವನು ಆಯಿತು ಬೇಟಾ, ಆಯಿತು ಬೇಟಾ ಎನ್ನುತ್ತಿದ್ದ. ಐವತ್ತಾರು ವರ್ಷದ ಮನುಷ್ಯ ಬೆಳಗಿನ ಜಾವ ಎದ್ದು ಮಗಳಿಗೆ ಹೆದರಿ ಗುಳಿಗೆ ನುಂಗಿದ್ದ, ಸಾಲೆಯ ಹುಡುಗ ಬೈಸಿಕೊಳ್ಳಬಾರದೆಂದು ಕಾಪಿ ಹೊಡೆದಂತೆ.

ಮುಂದಿನದಕ್ಕೆ ಅವಳು ಸಿದ್ಧಳಿರಲಿಲ್ಲ. ಸಾಲೆಯವರಿಗೆ ಗಾಡಿ ಕೆಟ್ಟಿತೆಂದು ಹೇಳಿದರಾಯಿತು, ಶಿವಲಿಂಗವ್ವ ನಮ್ಮವಳೇ, ಮಕ್ಕಳಿಗೇನು ತಿಳಿದೀತು ಎಂದು ಬರುವಾಗ ಕಾರಿನಲ್ಲಿ ಅವಳು ಮನಸ್ಸಿನೊಳಗೇ ಒಂದು ಕಥೆ ಕಟ್ಟಿದ್ದಳು. ಸಮದ ಅವಳ ಫೋನು ಬೇಡಿದ. ಗಂಗಾದೇವಿಯವರಿಗೆ ತಾನೇ ಹಚ್ಚಿ, ನಿಂತುಕೊಂಡು ಮಾತಾಡಿದ. ಗಾಡಿ ಓಡಿಸುವಾಗ ನನಗೆ ಎಚ್ಚರ ಕಡಿಮೆಯಾಗಿತ್ತು, ಹತ್ತು ನಿಮಿಷ ಹೇಗೆ ಬಂದೆನೋ ನೆನಪಿಲ್ಲ, ತಪ್ಪು ನನ್ನದು, ನಾಳೆಯಿಂದ ಬೇರೆಯವರನ್ನು ನೋಡಿಕೊಳ್ಳಿ ಎಂದ. ಅಲ್ಲಿದ್ದ ತಂದೆತಾಯಿಗಳಿಗೂ ಅದನ್ನೇ ಹೇಳಿದ. ಗಜಾನನ ಎಂಬವನು, ತಾನೇ ಒಂದು ಕಾಲಕ್ಕೆ ಈ ವ್ಯಾನಿನಲ್ಲಿ ಸಾಲೆಗೆ ಹೋಗಿಬಂದವನು, ಮಗಳನ್ನು ಬೈಕಿನ ಮುಂದೆ ಕೂರಿಸಿಕೊಂಡು, ನಮ್ಮ ಓಣಿಗೆ ಇನ್ನು ಬರಬೇಡ ಎಂದು ಹೇಳಿ ಹೋದ. ಸಮದ ತಲೆಯಾಡಿಸಿದ. 

ಜನ ಚದುರಿದ ಮೇಲೆ ಅವಳು ಅವನ ಪಕ್ಕದಲ್ಲಿ ಕುಳಿತು ಅಜಾನಿನ ಸುಳ್ಳನ್ನು ಒಪ್ಪಿಕೊಂಡಳು. ಹೇಳುವಾಗ ಅಳು ಬಂತು.

"ಬಿಸಿಲ ಕಣ್ಣಿಗೆ ಹೊಡಿಯಾಕತ್ತಿತ್ತು ಬೇಟಾ," ಎಂದ ಸಮದ. "ಎಂಥಾ ಮಗ್ರಿಬ್. ನನಗ ಏನೂ ತಿಳೀಲಿಲ್ಲ ಖರೇ, ಆದ್ರ ಅಷ್ಟ ತಿಳೀತು. ನೀ ಅಷ್ಟ ಹೆದರಿದ್ದು ನಾ ಎಂದೂ ಕೇಳಿದ್ದಿಲ್ಲ. ಅದಕ್ಕ ಕುಡದೆ."

ಆ ವರ್ಷದ ಉಳಿದ ರೋಜಾಗಳನ್ನು ಡಾಕ್ಟರು ಬಿಡಿಸಿದರು. ಸಮದ ವಾದ ಮಾಡಲಿಲ್ಲ. ಬಿಟ್ಟ ಪ್ರತಿ ದಿನಕ್ಕೆ ಹಸಿದ ಒಬ್ಬರಿಗೆ ಊಟ ಹಾಕುವುದು ಕ್ರಮ. ಅದನ್ನು ಮಾಡಿದ. ಆದರೆ ಸಂಜೆ ಎಲ್ಲರೊಡನೆ ಊಟಕ್ಕೆ ಹಾಸಿದ ದಸ್ತರಖಾನಿನ ಮುಂದೆ ಕುಳಿತಾಗ, ಮಧ್ಯಾಹ್ನ ಉಂಡವನು ಎಂಬ ಸಂಕೋಚಕ್ಕೆ ಖರ್ಜೂರಕ್ಕೆ ಕೈ ಹಾಕುತ್ತಿರಲಿಲ್ಲ ಎಂದು ಇಮಾಮಬೀ ಹೇಳುತ್ತಿದ್ದಳು. ಗುಳಿಗೆ ಬದಲಾಯಿತು, ಸಕ್ಕರೆಯನ್ನು ಹೀಗೆ ದಡಕ್ಕನೆ ಕೆಡವದಂಥದು. ಮೊದಲ ಬಿಲ್ಲೆಯ ಅವಧಿ ಮುಗಿದು ಮರಿಯಮ ಅದನ್ನು ಕೀಳುವಾಗ, ಇನ್ನು ನಿನಗೆ ನನ್ನ ಕಾಟ ತಪ್ಪಿತು ಎಂದ. ಅವಳಿಗೆ ನಗು ಬರಲಿಲ್ಲ. ಆ ರಾತ್ರಿಯಿಂದ ಅಂಕಿಯಿಲ್ಲದ ಪರದೆ ಅವಳನ್ನು ಇನ್ನಷ್ಟು ಹೆದರಿಸಿತು. ಮೂರು ದಿನ ತಾಳಿ, ಹೋಗಿ ಎರಡನೆಯದನ್ನು ಹಚ್ಚಿಬಂದಳು. ಆದರೆ ಸಂಜೆ ಫೋನು ಮಾಡಿ ಎಷ್ಟು ತಿಂದಿರಿ ಎಂದು ಕೇಳುವುದನ್ನು ಬಿಟ್ಟಳು. ಅಂಕಿ ಇನ್ನೂರು ದಾಟಿದ ದಿನ ನಾಲಗೆ ಕಚ್ಚಿಕೊಂಡು ಅಮ್ಮಿ ಏನು ಮಾಡುತ್ತಿದ್ದಾಳೆ, ಮೇಕೆ ಮರಿ ಹಾಕಿತೇ ಎಂದು ವಿಚಾರಿಸುತ್ತಿದ್ದಳು.

ಈದ್ ಮುಗಿದು ಪರೀಕ್ಷೆಗೆ ಎಂಟು ದಿನ ಉಳಿದಿದ್ದಾಗ ಗಂಗಾದೇವಿಯವರೇ ಫೋನು ಮಾಡಿದರು. ಡಾಕ್ಟರ ಸರ್ಟಿಫಿಕೇಟು ತಂದು ಕೊಟ್ಟರೆ ಬರಬಹುದು ಎಂದರು. ಹದಿನಾಲ್ಕರಲ್ಲಿ ಒಂಬತ್ತು ಮನೆಯವರು ಒಪ್ಪಿದ್ದರು. ಗಜಾನನ ಒಪ್ಪಿರಲಿಲ್ಲ. ಅದು ಅವನ ಹಕ್ಕು ಎಂದ ಸಮದ. ಎರಡು ದಿನ ಕೀಲಿ ಮುಟ್ಟಲಿಲ್ಲ. ಏರಿ ನೆನಪಾದರೆ ಅಂಗೈ ಬೆವರುತ್ತದೆ ಎಂದು ಹೆಂಡತಿಗೆ ಮಾತ್ರ ಹೇಳಿದನಂತೆ. ಮೂರನೆಯ ದಿನ ಇಮಾಮಬೀ ಬುರ್ಖಾ ಹಾಕಿಕೊಂಡು, ಚೀಲದಲ್ಲಿ ಬೆಲ್ಲದ ಉಂಡೆ ಕಟ್ಟಿಕೊಂಡು, ಅವನಿಗಿಂತ ಮೊದಲು ಹೋಗಿ ವ್ಯಾನಿನ ಮುಂದಿನ ಸೀಟಿನಲ್ಲಿ ಕುಳಿತಳು. ಅವನ ಫೋನು ತನ್ನ ಮಡಿಲಲ್ಲಿಟ್ಟುಕೊಂಡು ಸದ್ದನ್ನು ಪೂರ್ತಿ ಏರಿಸಿದಳು. ಮಕ್ಕಳು ಹಿಂದೆ ಕಿಸಕಿಸ ನಕ್ಕವು. ನಗಲಿ ಎಂದಳು.

ಅಂದು ಟಿಳಕವಾಡಿಯ ಲ್ಯಾಬಿನಲ್ಲಿ ಮೂರೂವರೆಯಿಂದಲೇ ಮರಿಯಮಳಿಗೆ ಕೆಲಸ ಸಾಗಲಿಲ್ಲ. ನಾಲ್ಕು ಗಂಟೆಗೆ ನೂರಾ ಮೂವತ್ತೊಂದು. ನಾಲ್ಕು ಐದಕ್ಕೆ ನೂರಾ ಇಪ್ಪತ್ತೆಂಟು, ಬಾಣ ಅಡ್ಡಕ್ಕೆ ಇತ್ತು. ಆಮೇಲೆ ಸಿಗ್ನಲ್ ಇಲ್ಲ ಎಂಬ ಸಾಲು ಬಂತು. ಅವಳು ಕೈಗವಸು ಹಾಕಿಕೊಳ್ಳಲು ಹೋದಳು. ಒಂದು ಕೈಗೆ ಹಾಕಿ ಇನ್ನೊಂದನ್ನು ಹಾಗೇ ಬಿಟ್ಟಳು. ಫೋನನ್ನು ಮೇಜಿನ ಮೇಲೆ ಕಾಣುವ ಹಾಗೆ ನೆಟ್ಟಗೆ ನಿಲ್ಲಿಸಿ, ಮುಂದಿನ ಅಂಕಿ ಬರುವವರೆಗೆ ಗಡಿಯಾರ ನೋಡುತ್ತ ನಿಂತಳು.